ಇಕ್ಕಳದಕ್ಕ ಮಂಚ ಹತ್ತಿ ಮಲಗಿದ್ದು

ಇಕ್ಕಳದಕ್ಕನಿಗೆ ಹೆತ್ತವರು ಇಟ್ಟ ಚಂದದ ಹೆಸರೊಂದು ಇತ್ತು. ಅದು ಕಾಗದಪತ್ರಗಳಲ್ಲಿ ಭದ್ರವಾಗಿ ಕೂತಿತ್ತು, ಅಲ್ಲಿಂದ ಆಚೆ ಬರಲೇ ಇಲ್ಲ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಹೆಂಗಸರಿಗೆಂದೇ ನಡೆಯುತ್ತಿದ್ದ ಆ ಮಸಾಜ್ ಸೆಂಟರಿನಲ್ಲಿ ಎಲ್ಲರಿಗೂ ಆಕೆ ಇಕ್ಕಳದಕ್ಕ. ಭುಜದ ಗಂಟನ್ನು ಎರಡೇ ಬೆರಳಲ್ಲಿ ಹಿಡಿದಳೆಂದರೆ ಒಂದೋ ಗಂಟು ಬಿಡಬೇಕು, ಇಲ್ಲವೇ ಮಲಗಿದವಳು ಪ್ರಾಣ ಬಿಡಬೇಕು. ಬಸ್ಸಿನ ಕಂಡಕ್ಟರಮ್ಮ ಒಬ್ಬಳು ನೋವಿನಲ್ಲಿ ಕೂಗಿ ಇಟ್ಟ ಹೆಸರದು. ಇಕ್ಕಳದಕ್ಕ ಮೇಲೆ ಮೇಲೆ ಸಿಡುಕಿದಳು, ಒಳಗೊಳಗೆ ಹಿಗ್ಗಿ ಹೀರೇಕಾಯಿಯಾದಳು. ಇಪ್ಪತ್ತೆರಡು ವರ್ಷ ಆ ಹೆಸರನ್ನು ಒಡವೆಯ ಹಾಗೆ ತೊಟ್ಟುಕೊಂಡು ತಿರುಗಿದಳು.

ಹೊಸಬರು ಬಂದರೆ ಮೊದಲು ಇಕ್ಕಳದಕ್ಕನ ಕೈಗೇ ಬೀಳುತ್ತಿದ್ದರು. ಹೊಸಬರ ಭಯ ಆಕೆಗೆ ಬಾಯಿಪಾಠ. ಬಟ್ಟೆ ಎಷ್ಟು ತೆಗೆಯಬೇಕೋ, ಯಾರಾದರೂ ನೋಡಿಬಿಟ್ಟರೋ, ಮೈಮೇಲಿನ ಕಲೆ ಕಂಡು ನಕ್ಕರೋ ಎಂದು ಬ್ಯಾಗನ್ನು ಎದೆಗೆ ಅವಚಿಕೊಂಡು ಕೂತವರಿಗೆ ಆಕೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಮುಗಿಸುತ್ತಿದ್ದಳು.

"ನೋಡಿಮ್ಮಾ, ಜ್ವರ ಇದ್ಯಾ, ಬಿಪಿ ಇದ್ಯಾ, ಆಪರೇಷನ್ ಏನಾದ್ರೂ ಆಗಿದ್ಯಾ, ಬಸುರಿಯಾ, ಎಲ್ಲಾ ಮೊದ್ಲೇ ಹೇಳ್ಬಿಡಿ. ನಾನು ಆಚೆ ಹೋಗ್ತೀನಿ. ನಿಮಗೆ ಎಷ್ಟು ಸರಿ ಅನ್ಸುತ್ತೋ ಅಷ್ಟೇ ಬಟ್ಟೆ ತೆಗೀರಿ, ತೆಗೀಲೇಬೇಕು ಅಂತೇನಿಲ್ಲ. ಮಂಚದ ತುದೀಲಿ ತೂತು ಇದೆಯಲ್ಲ, ಅಲ್ಲಿ ಮುಖ ಇಟ್ಟು ಬೋರಲಾಗಿ ಮಲಗಿ, ಮೇಲೆ ಹೊದಿಕೆ ಎಳ್ಕೊಳ್ಳಿ. ನಾನು ಬಾಗ್ಲು ತಟ್ಟಿನೇ ಬರೋದು. ಯಾವ ಭಾಗಕ್ಕೆ ಕೈ ಹಾಕ್ತೀನೋ ಅದಷ್ಟೇ ಹೊದಿಕೆಯಿಂದ ಆಚೆ. ಮಾತಾಡ್ಬೇಕು ಅನ್ಸಿದ್ರೆ ಮಾತಾಡಿ, ನಿದ್ದೆ ಬಂದ್ರೆ ಮಾಡಿ. ನೋವಾದ್ರೆ ತಡ್ಕೊಂಡು ಮಹಾತಾಯಿ ಅನ್ನಿಸ್ಕೋಬೇಡಿ, ಬಾಯ್ಬಿಟ್ಟು ಹೇಳಿ. ಮುಗಿದ್ಮೇಲೆ ಧಡಕ್ಕಂತ ಏಳ್ಬೇಡಿ, ಪಕ್ಕಕ್ಕೆ ಹೊರಳಿ ನಿಧಾನ ಏಳಿ. ನಾಳೆ ಒಂಚೂರು ಮೈಕೈ ನೋವಿರುತ್ತೆ, ಅದಕ್ಕೆ ನನ್ನ ಬೈಕೋಬೇಡಿ."

ಇಷ್ಟು ಕೇಳಿದ ಮೇಲೆ ಬ್ಯಾಗು ಎದೆಯಿಂದ ತೊಡೆಗೆ ಇಳಿಯುತ್ತಿತ್ತು. ಆಮೇಲಿನದು ಇಕ್ಕಳದ ಕೆಲಸ.

ಈ ಸಂಸ್ಥಾನಕ್ಕೆ ತನ್ನ ವಾರಗಿತ್ತಿಯನ್ನು ತಾನೇ ಕೈಹಿಡಿದು ಕರೆತಂದದ್ದು ಇಕ್ಕಳದಕ್ಕನ ಬಾಳಿನ ಮಹಾ ತಪ್ಪು. ಅದು ಆಕೆಯದೇ ಮಾತು. ಮೈದುನನ ಹೆಂಡತಿ, ಆಕೆಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವಳು, ಮನೆಯಲ್ಲೂ ಸೆಂಟರಿನಲ್ಲೂ ಎಲ್ಲರ ಬಾಯಲ್ಲಿ ಚಿಕ್ಕವಳೇ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಅಂಟು ಬಳಿದು, ಆ ವಾಸನೆಗೆ ತಲೆನೋವು ಹಿಡಿಸಿಕೊಂಡು ಬರುತ್ತಿದ್ದವಳನ್ನು ನೋಡಲಾರದೆ ಅಕ್ಕ ಕರೆತಂದಳು. ಕೆಲಸವನ್ನೂ ತಾನೇ ಕಲಿಸಿದಳು. ಆಳು ತೂಗುವ ತೂಕದ ಯಂತ್ರವನ್ನು ಮಂಚದ ಮೇಲಿಟ್ಟು, ಅದರ ಮೇಲೆ ಹೆಬ್ಬೆರಳು ಊರಿಸಿ ಮುಳ್ಳು ನೋಡುವುದು ಆಕೆಯ ಪಾಠದ ಕ್ರಮ. ಕತ್ತಿಗೆ ಮೂರು ಕಿಲೋ, ಭುಜಕ್ಕೆ ಆರು, ಸೊಂಟದ ಎರಡು ಬದಿಗೆ ಎಂಟು. ಇಕ್ಕಳದಕ್ಕ ಕಣ್ಣು ಮುಚ್ಚಿಕೊಂಡು ಒತ್ತಿದರೂ ಮುಳ್ಳು ಎಂಟಕ್ಕೇ ಹೋಗಿ ನಿಲ್ಲುತ್ತಿತ್ತು. ಚಿಕ್ಕವಳು ಒತ್ತಿದರೆ ಎರಡು ದಾಟುತ್ತಿರಲಿಲ್ಲ.

"ನಿನ್ನ ಕೈ ಬೆಣ್ಣೆ ಮುದ್ದೆ ಕಣೇ, ಇದರಲ್ಲಿ ಉದ್ಧಾರ ಆಗಲ್ಲ ನೀನು" ಎಂದು ಅಕ್ಕ ನಗುತ್ತಿದ್ದಳು. ಆಗ ಚಿಕ್ಕವಳ ಮೇಲೆ ಎಂಥಾ ಅಕ್ಕರೆ ಆಕೆಗೆ! ಮುಂದೆ ಬಾರದವರ ಮೇಲೆ ಅಕ್ಕರೆ ಇಡುವುದು ಏನೂ ಕಷ್ಟವಲ್ಲ.

ಚಿಕ್ಕವಳು ಮುಂದೆ ಬಂದಳು. ಆರು ತಿಂಗಳು ಭಾನುವಾರಗಳಲ್ಲಿ ಎಲ್ಲಿಗೋ ಕ್ಲಾಸಿಗೆ ಹೋಗಿ, ಒತ್ತದೇ ತಿಕ್ಕದೇ ಮೈ ಹಗುರ ಮಾಡುವ ವಿದ್ಯೆ ಕಲಿತಳು. ಎಣ್ಣೆ ಇಲ್ಲ, ಬಟ್ಟೆ ತೆಗೆಯುವುದಿಲ್ಲ. ತಲೆಯ ಕೆಳಗೆ ಕೈ ಇಡುವುದು, ತೋಳನ್ನು ಎತ್ತಿ ಹಿಡಿದು ಮೆಲ್ಲಗೆ ತೂಗುವುದು, ಇಷ್ಟೇ. ಇದಕ್ಕೂ ಒಂದು ಗಂಟೆ! ಮೊದಲು ಯಾರೂ ಹೋಗಲಿಲ್ಲ. ಆಮೇಲೆ ಒಬ್ಬಳು ಹೋದಳು, ಅವಳು ತನ್ನ ನಾದಿನಿಯನ್ನು ಕರೆತಂದಳು, ನಾದಿನಿ ತನ್ನ ಆಫೀಸಿನ ಅರ್ಧ ಹೆಂಗಸರನ್ನು ಕರೆತಂದಳು. ಮೂಲೆಯ ಸಣ್ಣ ಕೋಣೆಯಿಂದ ಹೊರಗೆ ಬಂದವರು ಯಾರ ಮುಖವನ್ನೂ ನೋಡದೆ, ತಮ್ಮಷ್ಟಕ್ಕೆ ತಾವು ನಗುತ್ತಾ ಮೆಟ್ಟಿಲಿಳಿದು ಹೋಗುತ್ತಿದ್ದರು. ಇಕ್ಕಳದಕ್ಕನ ಕೋಣೆಯಿಂದ ಹೊರಗೆ ಬರುವವರು ಸೊಂಟ ಹಿಡಿದುಕೊಂಡು "ಅಬ್ಬಾ, ಈಗ ಜೀವ ಬಂತು" ಅನ್ನುತ್ತಿದ್ದರು. ಇಷ್ಟು ವರ್ಷ ಆಕೆಗೆ ಅದೇ ದೊಡ್ಡ ಬಿರುದಾಗಿತ್ತು. ಈಗ ಆ ನಗುವಿನ ಮುಂದೆ ಅದು ಸಪ್ಪೆಯಾಯಿತು.

ಇಕ್ಕಳದಕ್ಕನಿಗೆ ಹೊಟ್ಟೆ ಉರಿಯಿತು. ಇದರಲ್ಲಿ ಮುಚ್ಚಿಡುವಂಥದ್ದೇನಿಲ್ಲ, ಆಕೆಯೇ ಮುಚ್ಚಿಡಲಿಲ್ಲ. ಗಂಡನ ಮುಂದೆ ಗೊಣಗಿದಾಗ ಅವನು, "ನೀನೇ ಕರ್ಕೊಂಡ್ ಹೋದೆ, ನೀನೇ ಕಲಿಸ್ದೆ, ಈಗ ನನ್ನ ಹತ್ರ ಅತ್ರೆ ನಾನೇನ್ ಮಾಡ್ಲಿ?" ಎಂದು ಪೇಪರು ಅಡ್ಡ ಹಿಡಿದ. ಗೋಡೆಗೆ ಹೇಳಿದ್ದರೂ ಅದು ಇಷ್ಟು ಖಡಕ್ಕಾಗಿ ಉತ್ತರ ಕೊಡುತ್ತಿರಲಿಲ್ಲ ಎಂದುಕೊಂಡಳು. ಅದೇ ವಾರ ಅತ್ತೆಯ ಕಾಲು ಒತ್ತಲು ಕೂತರೆ ಆ ಮುದುಕಿ ಮೆಲ್ಲಗೆ ಕಾಲೆಳೆದುಕೊಂಡು, "ನೀನು ದಣಿದಿದೀಯ, ಬಿಡವ್ವಾ. ಚಿಕ್ಕವಳು ಬರ್ತಾಳೆ" ಅನ್ನಬೇಕೇ! ಹದಿನೆಂಟು ವರ್ಷ ಒತ್ತಿದ ಕಾಲು ಅದು. ಇಕ್ಕಳದಕ್ಕ ಬಚ್ಚಲಿಗೆ ಹೋಗಿ, ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಒಗೆದಳು.

ಇಷ್ಟನ್ನೂ ಆಕೆ ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಹಲ್ಲಿನ ಡಾಕ್ಟರಮ್ಮ ಕೈಬಿಟ್ಟು ಹೋದದ್ದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಡಾಕ್ಟರಮ್ಮ ಹನ್ನೊಂದು ವರ್ಷದಿಂದ ಪ್ರತಿ ವಾರ ಬರುತ್ತಿದ್ದವರು. ದಿನವಿಡೀ ಕಂಡವರ ಬಾಯೊಳಗೆ ಬಗ್ಗಿ ಬಗ್ಗಿ ಅವರ ಬಲಭುಜ ಕಿವಿಗೆ ಗುಟ್ಟು ಹೇಳುವಷ್ಟು ಮೇಲೆ ಬಂದಿತ್ತು. ಆ ಭುಜವನ್ನು ಅದರ ಜಾಗಕ್ಕೆ ಇಳಿಸಿದವಳು ಇಕ್ಕಳದಕ್ಕ. ಅದರ ಒಂದೊಂದು ಗಂಟೂ ಆಕೆಗೆ ಗುರುತು. ಯಾವ ವಾರ ಹಲ್ಲು ಕೀಳುವ ಕೆಲಸ ಹೆಚ್ಚಿತ್ತು, ಯಾವ ವಾರ ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತು, ಎಲ್ಲವನ್ನೂ ಬೆರಳಿನಿಂದಲೇ ಓದುತ್ತಿದ್ದಳು. ಅಂಥ ಡಾಕ್ಟರಮ್ಮ ಒಂದು ದಿನ ಬಂದವರು ನೆಲ ನೋಡುತ್ತಾ, "ಇವತ್ತು ಒಂದ್ಸಲ ಚಿಕ್ಕವರ ಹತ್ರ ನೋಡೋಣ ಅಂತಿದೀನಿ, ನೀವು ಬೇಜಾರ್ ಮಾಡ್ಕೋಬಾರ್ದು" ಎಂದರು.

"ಅಯ್ಯೋ, ಅದಕ್ಕೇನಂತೆ! ಹೋಗಿಮ್ಮಾ, ಹೋಗಿ" ಎಂದು ಇಕ್ಕಳದಕ್ಕ ಹಲ್ಲು ಕಿರಿದಳು. ಒಳಗೆ ಹೋಗಿ ಒಂದೇ ಟವೆಲನ್ನು ನಾಲ್ಕು ಸಲ ಮಡಚಿದಳು. ಆ 'ಒಂದ್ಸಲ' ಮುಂದೆ ಪ್ರತಿ ವಾರವೂ ಆಯಿತು.

ಆ ಒಂದು ಗಂಟೆ ಕೋಣೆಗಳ ನಡುವಿನ ಗೋಡೆಗೆ ಕಿವಿಯಿಟ್ಟು ನಿಲ್ಲುವುದು ಆಕೆಗೆ ರೂಢಿಯಾಯಿತು. ತನ್ನ ಕೈಯಲ್ಲಿ 'ಅಮ್ಮಾ' 'ಅಯ್ಯೋ' ಎನ್ನುತ್ತಿದ್ದ ಡಾಕ್ಟರಮ್ಮನ ಒಂದು ಉಸಿರೂ ಕೇಳಿಸುತ್ತಿರಲಿಲ್ಲ. ಏನೂ ಮಾಡುತ್ತಿಲ್ಲ ಇವಳು, ಎಂದುಕೊಂಡಳು. ಹಾಸಿಗೆ ಹಾಸಿ ಮಲಗಿಸಿ, ಪಕ್ಕದಲ್ಲಿ ಕೂತು ಎದ್ದು ಬರುತ್ತಾಳೆ. ಇದು ಕೆಲಸವಲ್ಲ, ಕಣ್ಣಿಗೆ ಮಣ್ಣೆರಚುವುದು. ಹೀಗೆಂದುಕೊಂಡಾಗ ಒಂದು ಗಳಿಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಆ ತಂಪು ಇನ್ನಷ್ಟು ಬೇಕೆನ್ನಿಸಿ ಆಕೆ ಯಜಮಾನಿಯ ಹತ್ತಿರ ಹೋದಳು.

ಸೆಂಟರಿನ ಯಜಮಾನಿ ಮಾತು ಕಡಿಮೆಯ ಹೆಂಗಸು. ಪೂರ್ತಿ ಕೇಳಿಸಿಕೊಂಡು ಹೇಳಿದಳು: "ನೋಡಕ್ಕಾ, ನನಗೆ ಈ ಕೈಕೆಲ್ಸ ಗೊತ್ತಿಲ್ಲ, ನಿನಗೆ ಗೊತ್ತು. ನೀನೇ ಅವಳ ಕೈಕೆಳಗೆ ಒಂದು ಗಂಟೆ ಮಲಗಿ ನೋಡು. ಅದರಲ್ಲಿ ಏನೂ ಇಲ್ಲ ಅಂತ ನೀನು ಹೇಳಿದ್ರೆ ಇವತ್ತೇ ನಿಲ್ಲಿಸ್ತೀನಿ. ಟವೆಲ್ ಒಗ್ಯೋ ಕೆಲಸ ಇದೆ, ಬೇಕಾದ್ರೆ ಮಾಡ್ಲಿ, ಇಲ್ಲಾಂದ್ರೆ ವಾಪಸ್ ಫ್ಯಾಕ್ಟ್ರಿಗೆ ಹೋಗ್ಲಿ. ಇದೆ ಅಂತ ಹೇಳಿದ್ರೆ ಇನ್ಮೇಲೆ ಈ ಚಾಡಿ ನನ್ನ ಕಿವಿಗೆ ಬೀಳ್ಬಾರ್ದು."

ಚಾಡಿ ಎಂಬ ಮಾತು ಚುಚ್ಚಿತು. ಆದರೂ ಸಿಕ್ಕಿದ ಅವಕಾಶ ಎಂಥದ್ದು! ಚಿಕ್ಕವಳ ಅನ್ನ ಈಗ ಆಕೆಯ ನಾಲಿಗೆಯ ತುದಿಯಲ್ಲಿತ್ತು. ಏನೂ ಇಲ್ಲ ಎಂದರೆ ಸಾಕು. ಹೇಳಬೇಕಾದ ಮಾತನ್ನು ಆಕೆ ಮಂಚ ಹತ್ತುವ ಮೊದಲೇ ಸಿದ್ಧ ಮಾಡಿಟ್ಟುಕೊಂಡಳು.

ಮರುದಿನ ಮಧ್ಯಾಹ್ನ, ಡಾಕ್ಟರಮ್ಮ ಬರುವುದಕ್ಕೆ ಮುಂಚಿನ ಬಿಡುವಿನಲ್ಲಿ, ಇಕ್ಕಳದಕ್ಕ ಮೂಲೆಯ ಕೋಣೆಗೆ ಹೋದಳು. ಭುಜ ಹಿಡಿದಿದೆ ಎಂದು ಸುಳ್ಳು ಹೇಳಿದಳು. ಚಿಕ್ಕವಳು ಅರಳಿಹೋದಳು. "ಅಕ್ಕಾ, ನೀವು! ನನ್ನ ಹತ್ರ!" ಎಂದು ಹಾಸಿದ್ದ ಚಾದರವನ್ನು ತೆಗೆದು ಹೊಸದು ಹಾಸಿದಳು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು, ಆಕೆ ಹೊಸಬಳೇನೋ ಎಂಬ ಹಾಗೆ ಶುರುಮಾಡಿದಳು. ಜ್ವರ ಇದೆಯೇ, ಬಿಪಿ ಇದೆಯೇ, ಆಪರೇಷನ್ ಆಗಿದೆಯೇ. ಮಾತಾಡಬೇಕೆನ್ನಿಸಿದರೆ ಮಾತಾಡಿ, ನಿದ್ದೆ ಬಂದರೆ ಮಾಡಿ. ಇಕ್ಕಳದಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅಕ್ಷರ ಅಕ್ಷರವೂ ತನ್ನದೇ! ಕೊನೆಗೆ ಮಾತ್ರ ಚಿಕ್ಕವಳು ತನ್ನದೊಂದು ಸೇರಿಸಿದಳು. "ಕೈಕಾಲು ನಾನು ಎತ್ತಿದಾಗ ನೀವು ಎತ್ತೋಕೆ ಹೋಗ್ಬೇಡಿ. ನನಗೆ ಸಹಾಯ ಮಾಡ್ಬೇಡಿ, ಅಷ್ಟೇ."

"ಗೊತ್ತಮ್ಮಾ, ಗೊತ್ತು. ನನಗೇ ಹೇಳ್ಕೊಡ್ತೀಯಾ?" ಎಂದು ಇಕ್ಕಳದಕ್ಕ ಮಂಚ ಹತ್ತಿ ಅಂಗಾತ ಮಲಗಿದಳು.

ಮಲಗಿದ ಮೇಲೆ ಹೊಳೆಯಿತು. ಇಪ್ಪತ್ತೆರಡು ವರ್ಷದಲ್ಲಿ ಇಂಥ ಮಂಚದ ಮೇಲೆ ಆಕೆ ಒಮ್ಮೆಯೂ ಮಲಗಿರಲಿಲ್ಲ. ಮಂಚದ ಚಾದರ ಬದಲಿಸಿದ್ದಳು, ಕಾಲು ಅಲ್ಲಾಡಿದರೆ ತಿರುಪು ಬಿಗಿ ಮಾಡಿದ್ದಳು, ಸಾವಿರಾರು ಜನರನ್ನು ಮಲಗಿಸಿದ್ದಳು. ಮೇಲಿನ ಛಾವಣಿಯಲ್ಲಿ ಒಂದು ಬಿರುಕು ಇದೆ ಎಂಬುದು ಸಹ ಈವರೆಗೆ ಗೊತ್ತಿರಲಿಲ್ಲ.

ಚಿಕ್ಕವಳು ಆಕೆಯ ತಲೆಯ ಕೆಳಗೆ ಎರಡೂ ಕೈ ಇಟ್ಟು ಸುಮ್ಮನೆ ಕೂತಳು. ಒಂದು ನಿಮಿಷವಾಯಿತು, ಎರಡಾಯಿತು. ಇವಳೇನು ಬಸ್ಸಿಗೆ ಕಾಯುತ್ತಿದ್ದಾಳೋ ಎಂದು ಇಕ್ಕಳದಕ್ಕ ಒಳಗೇ ನಕ್ಕಳು. ಸಿದ್ಧ ಮಾಡಿಟ್ಟ ಮಾತು ನಾಲಿಗೆಯ ಮೇಲೆ ಕುಣಿಯುತ್ತಿತ್ತು. ಆಮೇಲೆ ಚಿಕ್ಕವಳು ಬದಿಗೆ ಬಂದು ಬಲಗೈಯನ್ನು ಮೊಣಕೈ, ಮಣಿಕಟ್ಟುಗಳ ಹತ್ತಿರ ಹಿಡಿದು ಮೇಲೆತ್ತಿದಳು, ಸ್ವಲ್ಪ ಹೊತ್ತು ಹಿಡಿದಿದ್ದು ಮೆಲ್ಲಗೆ ತನ್ನ ಕೈ ಸರಿಸಿದಳು.

ಇಕ್ಕಳದಕ್ಕನ ಕೈ ಕೆಳಗೆ ಬರಲಿಲ್ಲ. ಬಟ್ಟೆ ನೇತುಹಾಕಲು ಹೊಡೆದ ಗೂಟದ ಹಾಗೆ ಗಾಳಿಯಲ್ಲಿ ಒಂಟಿಯಾಗಿ ನಿಂತಿತ್ತು.

ಹೀಗೆ ಕೈ ಸಡಿಲ ಬಿಡಲಾರದ ಎಷ್ಟು ಜನರನ್ನು ಆಕೆ ಆಡಿಕೊಂಡಿರಲಿಲ್ಲ! 'ಬಿಡೀಮ್ಮಾ, ನಿಮ್ಮ ಕೈ ನಾನೇನು ಕದ್ಕೊಂಡ್ ಹೋಗಲ್ಲ' ಎಂದು ಎಷ್ಟು ಸಲ ಬೈದಿರಲಿಲ್ಲ! ಈಗ ತನ್ನದೇ ಕೈ ಎದ್ದು ನಿಂತು ತನ್ನ ಮಾನ ತೆಗೆಯುತ್ತಿತ್ತು. ಇಳಿ ಎಂದಳು ಮನಸ್ಸಿನಲ್ಲೇ. ಇಳಿಯಿತು, ಆದರೆ ತಾನೇ ಇಳಿಸಿದ್ದು, ಬಿಟ್ಟದ್ದಲ್ಲ. ಚಿಕ್ಕವಳು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು, ಜಗಳಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು. ಅವಳು ಮತ್ತೆ ಎತ್ತಿದಳು. ಮತ್ತೆ ಅದೇ ಗೂಟ. ಮೂರನೆಯ ಸಲ ಎತ್ತಿದವಳು ಕೈ ಸರಿಸದೆ ಹಿಡಿದೇ ಇದ್ದಳು. ಹಾಗೇ ಬೆರಳು ಜಾರಿಸಿ, ಹೆಬ್ಬೆರಳ ಬುಡವನ್ನು ತನ್ನ ಅಂಗೈಯಲ್ಲಿ ಮುಚ್ಚಿದಳು.

ಒತ್ತಲಿಲ್ಲ. ಆದರೂ ಇಕ್ಕಳದಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

ಆ ಜಾಗ ಯಾರಿಗೂ ಗೊತ್ತಿರಬಾರದಿತ್ತು. ಒಂದು ವರ್ಷದಿಂದ ಎರಡೂ ಹೆಬ್ಬೆರಳ ಬುಡ ಸವೆದು ಉರಿಯುತ್ತಿತ್ತು. ಕಾಫಿ ಲೋಟ ಹಿಡಿದರೆ ನೋವು, ಬೀಗ ತಿರುಗಿಸಿದರೆ ನೋವು. ಕತ್ತೊಂದು ಬಿಟ್ಟು ಒತ್ತುವ ಕೆಲಸವನ್ನೆಲ್ಲ ಮೊಣಕೈಗೆ ವರ್ಗಾಯಿಸಿ, ಕೇಳಿದವರಿಗೆ 'ಇದು ಹೊಸ ವಿಧಾನ' ಎಂದು ರೈಲು ಬಿಟ್ಟಿದ್ದಳು. ಇಕ್ಕಳದ ತಿರುಪು ಸಡಿಲವಾಗಿದೆ ಎಂದು ಗೊತ್ತಾದರೆ ಮುಗಿಯಿತಲ್ಲ!

"ಎಷ್ಟು ದಿನ ಆಯ್ತಕ್ಕಾ?" ಚಿಕ್ಕವಳು ಮೆಲ್ಲಗೆ ಕೇಳಿದಳು.

"ಏನು ಎಷ್ಟು ದಿನ?"

ಚಿಕ್ಕವಳು ಹಿಡಿದದ್ದು ಬಿಡಲಿಲ್ಲ. ಅಂಗೈಯ ಬಿಸುಪು ಹಾಗೇ ಇತ್ತು.

"ಯಾರು ಹೇಳಿದ್ರು ನಿನಗೆ?" ಇಕ್ಕಳದಕ್ಕ ಕಣ್ಣು ತೆರೆಯದೆ ಗದರಿದಳು.

"ಯಾರೂ ಹೇಳಿಲ್ಲ. ಎಣ್ಣೆ ಬಾಟ್ಲಿ ಮುಚ್ಚಳ ತೆಗ್ಯೋಕೆ ನೀವು ಹಲ್ಲು ಹಾಕ್ತಿದ್ರಿ, ಒಂದಿನ ನೋಡ್ದೆ. ಆಮೇಲಿಂದ ಬೆಳಿಗ್ಗೆ ನಾನೇ ಎಲ್ಲಾ ಸಡಿಲ ಮಾಡಿ ಇಡ್ತಿದ್ದೆ."

ಒಂದು ಮುಚ್ಚಳ ನೆಟ್ಟಗೆ ಹಾಕಲು ಬಾರದ ಸೋಮಾರಿ ಎಂದು ಇದೇ ಚಿಕ್ಕವಳಿಗೆ ಎಷ್ಟೋ ಬೆಳಿಗ್ಗೆ ಎಲ್ಲರ ಎದುರು ಬೈದದ್ದು ಇಕ್ಕಳದಕ್ಕನಿಗೆ ನೆನಪಾಯಿತು. ಬೈಸಿಕೊಂಡು ಸುಮ್ಮನಿದ್ದಳಲ್ಲ ಇವಳು! ಆಕೆಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು.

"ಡಾಕ್ಟರಮ್ಮನ ಹತ್ರಾನೂ ಊದಿಬಿಟ್ಯಾ? ಅದಕ್ಕೇ ಅವರು ನನ್ನ ಬಿಟ್ಟಿದ್ದಾ?"

"ಇಲ್ಲಕ್ಕಾ. ಅವರೇ ನನಗೆ ಹೇಳಿದ್ರು. ಕೊನೇ ಸಲ ಅವರ ಕತ್ತಿನ ಮೇಲೆ ನಿಮ್ಮ ಬೆರಳು ನಡುಗ್ತಿತ್ತಂತೆ. ನೋವಾಗ್ತಿದ್ಯಾ ಅಂತ ಕೇಳಿದ್ರೆ ನೀವು ಒಪ್ಕೊಳಲ್ಲ, ಬೇಡ ಅಂದ್ರೆ ನೊಂದ್ಕೋತೀರಿ. ಅದಕ್ಕೇ ನನ್ನ ಹತ್ರ ಬಂದ್ರು."

ಚಿಕ್ಕವಳ ಕೈಯೇ ಚೆನ್ನ ಎಂದಿದ್ದರೆ ಇಕ್ಕಳದಕ್ಕ ಸೊಂಟ ಕಟ್ಟಿ ನಿಲ್ಲುತ್ತಿದ್ದಳು. ಆದರೆ ಕನಿಕರ! ಹನ್ನೊಂದು ವರ್ಷ ಯಾರ ಭುಜವನ್ನು ತನ್ನ ಆಸ್ತಿಯ ಹಾಗೆ ಕಾಪಾಡಿದಳೋ ಅವರೇ 'ಅಯ್ಯೋ ಪಾಪ' ಎಂದು ಸರಿದುಹೋದದ್ದು! ಈಗಲೇ ಎದ್ದು ಹೋಗಬೇಕು ಎನ್ನಿಸಿತು. ಏಳು, ಎಂದಿತು ಮನಸ್ಸು. ಆದರೆ ಕೈ ಆಗಲೇ ಪಕ್ಷ ಬದಲಿಸಿಬಿಟ್ಟಿತ್ತು. ಚಿಕ್ಕವಳ ಅಂಗೈಯಲ್ಲಿ ಅದು ತನ್ನ ಭಾರವನ್ನೆಲ್ಲ ಇಳಿಸಿ, ತಾಯಿಯ ಹೆಗಲಿಗೆ ಒರಗಿದ ಮಗುವಿನ ಹಾಗೆ ಬಿದ್ದುಕೊಂಡಿತ್ತು. ಒಂದು ವರ್ಷದಲ್ಲಿ ಮೊದಲ ಸಲ ಹೆಬ್ಬೆರಳು ಉರಿಯುತ್ತಿರಲಿಲ್ಲ. ಕೈಯ ಹಿಂದೆ ಭುಜ ಹೋಯಿತು, ಭುಜದ ಹಿಂದೆ ಕತ್ತು. ಬೈಯಬೇಕೆಂದು ಬಾಯಿ ತೆರೆದಳು. ಬಾಯಿ ತೆರೆದದ್ದು ಹಾಗೇ ಉಳಿಯಿತು.

ಆಮೇಲೆ ಯಾರೋ ಪಾದಗಳ ಮೇಲೆ ಕೈಯಿಟ್ಟು, "ಅಕ್ಕಾ, ಮುಗೀತು. ಪಕ್ಕಕ್ಕೆ ಹೊರಳಿ ನಿಧಾನ ಏಳಿ" ಎಂದರು. ಮುಕ್ಕಾಲು ಗಂಟೆ ಎಲ್ಲಿಗೆ ಹೋಗಿತ್ತೋ ಇಕ್ಕಳದಕ್ಕನಿಗೆ ತಿಳಿಯಲಿಲ್ಲ. ಗದ್ದದ ಮೇಲೆ ಜೊಲ್ಲು ಒಣಗಿತ್ತು.

"ಮೂಳೆ ಡಾಕ್ಟರ ಹತ್ರ ಹೋಗೋಣಕ್ಕಾ. ನಾನೂ ಬರ್ತೀನಿ."

"ನೀನೇನು ಬರೋದು ಬೇಡ" ಎಂದು ಇಕ್ಕಳದಕ್ಕ ಸೆರಗು ಸರಿಮಾಡಿಕೊಂಡಳು. ಸ್ವಲ್ಪ ತಡೆದು, "ಸೋಮವಾರ ನನಗೆ ಬಿಡುವಿದೆ" ಎಂದಳು.

ಹೊರಗೆ ಡಾಕ್ಟರಮ್ಮ ಬಂದು ಬೆಂಚಿನ ಮೇಲೆ ಕೂತಿದ್ದರು. ತುಟಿ ಕಚ್ಚಿ ಹಿಡಿದ ಅವರ ನಗು ನೋಡಿದರೆ ಸಾಕಿತ್ತು, ತನ್ನ ಗೊರಕೆ ಇಲ್ಲಿಯವರೆಗೂ ಕೇಳಿಸಿದೆ. ಯಜಮಾನಿ ಮೇಜಿನ ಹಿಂದಿನಿಂದ ತಲೆ ಎತ್ತಿದಳು.

"ಏನಕ್ಕಾ, ಅವಳು ಏನಾದ್ರೂ ಮಾಡ್ತಾಳೋ ಇಲ್ವೋ?"

ಸಿದ್ಧ ಮಾಡಿದ ಮಾತು ಇನ್ನೂ ನಾಲಿಗೆಯ ಮೇಲೇ ಇತ್ತು. ಒಂದೇ ಮಾತು ಸಾಕು, ಕೈಯ ಗುಟ್ಟೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ, ಚಿಕ್ಕವಳು ಟವೆಲ್ ಒಗೆಯುತ್ತಾಳೆ. ಚಿಕ್ಕವಳ ಮೇಲಿನ ಹೊಟ್ಟೆಕಿಚ್ಚು ಕಮ್ಮಿಯಾಗಿತ್ತೇ ಅಂದರೆ, ಇಲ್ಲ, ಹೆಚ್ಚೇ ಆಗಿತ್ತು. ಮೊದಲು ಬರೀ ಅನುಮಾನದ ಮೇಲೆ ಉರಿಯುತ್ತಿದ್ದವಳು ಈಗ ಕಣ್ಣಾರೆ ಕಂಡು ಉರಿಯುತ್ತಿದ್ದಳು.

"ಏನೂ ಮಾಡಲ್ಲ" ಎಂದಳು ಇಕ್ಕಳದಕ್ಕ. ಯಜಮಾನಿಯ ಹುಬ್ಬು ಮೇಲೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಚಿಕ್ಕವಳ ಮುಖ ಬಿಳಿಚಿಕೊಂಡಿತು. "ಹಾಗೆ ಏನೂ ಮಾಡ್ದೆ ಇರೋಕೆ ನನಗೆ ಇಷ್ಟು ವರ್ಷ ಆದ್ರೂ ಬರಲಿಲ್ಲ. ನಿಲ್ಲಿಸ್ಬೇಡಿ. ಆ ಸಣ್ಣ ಕೋಣೇಲಿ ಅವಳಿಗೆ ತಿರುಗೋಕೂ ಜಾಗ ಇಲ್ಲ, ಕಿಟಕಿ ಇರೋ ನನ್ನ ಕೋಣೆ ಕೊಡಿ. ನನ್ನ ಬೆರಳು ಹೋಗಿದೆ. ಹೊಸಬರಿಗೆ ಹೇಳಿ ಕೂರಿಸೋದು ನಾನು ನೋಡ್ಕೋತೀನಿ, ಒತ್ತೋ ಕೆಲಸ ಇನ್ನು ನನ್ನ ಕೈಲಿ ಆಗಲ್ಲ."

ಹೇಳಿ ಮುಗಿಸಿ ಬೆಂಚಿನ ಮೇಲೆ ಕೂತಳು. ಯಜಮಾನಿ ಏನೋ ಕೇಳುತ್ತಿದ್ದಳು, ಅದು ಕಿವಿಗೆ ಬೀಳಲಿಲ್ಲ. ಡಾಕ್ಟರಮ್ಮ ಆಕೆಯ ಭುಜವನ್ನೊಮ್ಮೆ ಮುಟ್ಟಿ, ಎದ್ದು, ಚಪ್ಪಲಿ ಬಿಟ್ಟು ಮೂಲೆಯ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಇಕ್ಕಳದಕ್ಕ ಆ ಬಾಗಿಲನ್ನೇ ನೋಡಿದಳು. ಒಳಗೆ ಈಗ ಅವರು ಮಲಗುತ್ತಾರೆ, ಚಿಕ್ಕವಳು ತಲೆಯ ಕೆಳಗೆ ಕೈ ಇಡುತ್ತಾಳೆ, ಇನ್ನು ಒಂದು ಗಂಟೆ ಆ ಕೈ ಅವರದೇ. ಪ್ರತಿ ವಾರವೂ ಅವರದೇ. ಇಕ್ಕಳದಕ್ಕನ ಹೊಟ್ಟೆಯಲ್ಲಿ ಮತ್ತೆ ಉರಿ ಎದ್ದಿತು, ಈ ಸಲ ಡಾಕ್ಟರಮ್ಮನ ಮೇಲೆ.